ನೇಣುಗಂಬದಿಂದ ಶುರುವಾಗುವ ಚರಿತ್ರೆ

ಸೊಲ್ಲಾಪುರವೆಂದರೆ ನಮ್ಮ ತಾಂಬಾದ ಹಿರಿಯರಿಗೆ ನೆನಪಾಗುವುದು ಚಾದರ ಮತ್ತು ಗಿರಣಿ. ಅಂಥ ಗಿರಣಿಗಳ ಕಾರ್ಮಿಕ ಮುಂದಾಳು ಅಬ್ದುಲ್ ರಸೂಲ್ ಕುರ್ಬಾನ್ ಹುಸೇನರ ಬದುಕನ್ನು ನಾವು ಹೇಗೆ ಬರೆಯುತ್ತಿದ್ದೇವೆ ಎಂದು ಸ್ವಲ್ಪ ನಿಂತು ನೋಡಬೇಕಿದೆ.

1930ರ ಮೇ 5ರಂದು ಗಾಂಧೀಜಿಯವರ ಬಂಧನವಾಯಿತು. ಸೊಲ್ಲಾಪುರ ಸಿಡಿದೆದ್ದಿತು. ಮೇ 12ರಂದು ಸರಕಾರ ಅಲ್ಲಿ ಲಷ್ಕರಿ ಕಾಯ್ದೆ ಜಾರಿಗೊಳಿಸಿತು. ಪೊಲೀಸರ ಕೊಲೆಯ ಆರೋಪ ಹೊತ್ತ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ ಮತ್ತು ಕುರ್ಬಾನ್ ಹುಸೇನರನ್ನು 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು.

ನಮ್ಮ ಭಾಷಣ, ಲೇಖನಗಳು ಇಲ್ಲಿಂದಲೇ ಶುರುವಾಗಿ ಇಲ್ಲಿಯೇ ಮುಗಿಯುತ್ತವೆ. ನಾಲ್ಕು ಹೆಸರು ಓದಿ, ಅದರಲ್ಲೊಬ್ಬ ಮುಸ್ಲಿಮನೆಂದು ಎತ್ತಿ ಹೇಳಿ, ಭಾವೈಕ್ಯದ ಪಾಠ ಒಪ್ಪಿಸಿ ಕೂಡುತ್ತೇವೆ. ಪಾಠ ಸುಳ್ಳಲ್ಲ. ಆದರೆ ಮನುಷ್ಯ ಅದರಲ್ಲಿ ಕಳೆದುಹೋಗಿದ್ದಾನೆ. ಆ ತರುಣ ಗಿರಣಿಯ ಬಾಗಿಲಲ್ಲಿ ನಿಂತು ಏನು ಹೇಳುತ್ತಿದ್ದ? ಪಗಾರ, ಪಾಳಿ, ದಂಡಗಳ ಬಗ್ಗೆ ಅವನ ಮಾತೇನು? ತಾನು ನಡೆಸಿದ ಪತ್ರಿಕೆಗೆ ‘ಗಜನಫರ್’, ಅಂದರೆ ಸಿಂಹ, ಎಂದು ಹೆಸರಿಟ್ಟವನು ಅದರಲ್ಲಿ ಯಾರ ಮೇಲೆ ಗರ್ಜಿಸಿದ? ನಾವು ಕೇಳಲೇ ಇಲ್ಲ. ಸಾವಿಗೆ ಸಲಾಮು ಹೊಡೆದು ಅವನ ದುಡಿಮೆಯನ್ನು ಮರೆತೆವು.

ಐರ್ಲೆಂಡಿನ ಕಾರ್ಮಿಕ ನಾಯಕ ಜೇಮ್ಸ್ ಕಾನೊಲಿಯ ಪಾಡೂ ಇಂಥದೇ ಇತ್ತು. 1916ರ ಮೇ 12ರಂದು ಬ್ರಿಟಿಷರು ಗಾಯಾಳುವಾಗಿದ್ದ ಆತನನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಟ್ಟರು. ಜನ ಆ ಕುರ್ಚಿಯನ್ನು ಮರೆಯಲಿಲ್ಲ. ಆತ ಹುಟ್ಟಿದ್ದು ಐರ್ಲೆಂಡಿನ ಮೊನಹನ್‌ನಲ್ಲಿ ಎಂದೇ ಬಹುಕಾಲ ನಂಬಿದ್ದರು. ಡೆಸ್ಮಂಡ್ ಗ್ರೀವ್ಸ್ ದಾಖಲೆ ಕೆದಕಿ, ಆತ 1868ರಲ್ಲಿ ಹುಟ್ಟಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎಂದು ತೋರಿಸಿದರು. ಇದರಿಂದ ಕಾನೊಲಿಯ ಮಾನ ಕುಗ್ಗಲಿಲ್ಲ. ಹೊಟ್ಟೆಪಾಡಿಗೆ ಕಡಲು ದಾಟಿದ ಬಡ ಐರಿಷ್ ಕುಟುಂಬವೊಂದು ಅವನ ಹಿಂದೆ ಕಾಣಿಸಿಕೊಂಡಿತು.

ಕುರ್ಬಾನ್ ಹುಸೇನರ ಬದುಕು ಬರೆಯುವವರಿಗೂ ಅಂಥ ಹಟ ಬೇಕು. ಸರಕಾರಿ ಕಾಗದ ಇಂಗ್ಲಿಷಿನಲ್ಲಿವೆ. ಪೇಟೆಯ ಭಾಷೆ ಮರಾಠಿ. ಗಿರಣಿ ಓಣಿಗಳಲ್ಲಿ ಕನ್ನಡ, ತೆಲುಗು, ದಖನಿ ಮೂರೂ ನಡೆದವು. ಒಂದೇ ಭಾಷೆ ಬಲ್ಲವನಿಗೆ ಅವನ ಅರ್ಧ ಮುಖವೂ ಸಿಗದು. ಕೋರ್ಟಿನ ಕಾಗದವನ್ನು ಬಿಸಾಡುವಂತಿಲ್ಲ, ಪೂರ್ತಿ ನಂಬುವಂತೆಯೂ ಇಲ್ಲ. ಅದು ಕೊಂದವರ ಕೈಬರಹ. ಅದರ ಪಕ್ಕದಲ್ಲಿ ಗಿರಣಿಯ ಹಾಜರಿ ಪುಸ್ತಕ, ಅಂದಿನ ಪತ್ರಿಕೆ, ಮುದುಕರ ಮಾತು ಇಟ್ಟು ಓದಬೇಕು.

ಆ ಹಳೆಯ ಗಿರಣಿಗಳು ಮುಚ್ಚಿವೆ. ಅಲ್ಲಿ ದುಡಿದವರ ಮಕ್ಕಳೂ ಮುದುಕರಾಗುತ್ತಿದ್ದಾರೆ. ಕಾಗದ ಇನ್ನಷ್ಟು ಕಾಲ ಕಾಯಬಹುದು, ಮನುಷ್ಯರ ನೆನಪು ಕಾಯುವುದಿಲ್ಲ. ಮುಂದಿನ ಜನವರಿ 12ಕ್ಕೆ ಹಾರ ಹಾಕಲು ಹೋಗುವವರು ಅಂಥ ಒಬ್ಬ ಅಜ್ಜನ ಮನೆಗೂ ಹೋಗಿ, ಹತ್ತಿರ ಕೂತು ಕೇಳಿ ಬರಲಿ. ಕುರ್ಬಾನ್ ಹುಸೇನರ ಮೊದಲ ಅಧ್ಯಾಯ ಅಲ್ಲಿದ್ದೀತು.