ಹೆಸರಿಗಿಂತ ಜಾಗ ಮೇಲು

ಮೌಸ್ ಮುಟ್ಟದೆ ತಂತ್ರಾಂಶ ತೆರೆಯಲು ವಿಂಡೋಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿಗಳು ಎರಡು. ವಿಂಡೋಸ್ ಕೀಲಿ ಒತ್ತಿ, ಹೆಸರಿನ ಮೊದಲ ಕೆಲವು ಅಕ್ಷರ ಟೈಪಿಸಿ, ಎಂಟರ್ ಹೊಡೆಯುವುದು ಒಂದು. ಬೇಕಾದ ಐಕಾನನ್ನು ಟಾಸ್ಕ್‌ಬಾರಿಗೆ ಪಿನ್ ಮಾಡಿಟ್ಟು, ವಿಂಡೋಸ್ ಕೀಲಿಯೊಂದಿಗೆ ಅದರ ಸ್ಥಾನದ ಅಂಕಿ ಒತ್ತುವುದು ಇನ್ನೊಂದು. ಇದು 2009ರ ವಿಂಡೋಸ್ 7ರಲ್ಲಿ ಈಗಿನ ರೂಪಕ್ಕೆ ಬಂತು. ಬಲ್ಲವರ ಹೊಗಳಿಕೆಯೆಲ್ಲ ಮೊದಲನೆಯದಕ್ಕೆ. ಏನನ್ನೂ ನೆನಪಿಡಬೇಕಿಲ್ಲ, ಹೆಸರು ಗೊತ್ತಿದ್ದರೆ ಸಾಕು ಎಂಬುದು ಅವರ ವಾದ. ಇಂಗ್ಲಿಷಿನಲ್ಲೇ ದುಡಿಯುವವರಿಗೆ ಅದು ಸರಿ. ಆದರೆ ಹೊಸನಗರದಂಥ ತಾಲೂಕು ಕೇಂದ್ರದ ಡಿಟಿಪಿ ಅಂಗಡಿಗೆ, ಸಹಕಾರ ಸಂಘದ ಕಚೇರಿಗೆ ಎರಡನೆಯದೇ ಒಗ್ಗುತ್ತದೆ.

ಕಾರಣ ಕೀಲಿಮಣೆಯಲ್ಲೇ ಇದೆ. ಸರ್ಕಾರ ಒಪ್ಪಿಕೊಂಡ, ಕನ್ನಡ ಬೆರಳಚ್ಚಿನ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಇಂಗ್ಲಿಷಿನ ಡಬ್ಲ್ಯೂ ಕೀಲಿ ಒತ್ತಿದರೆ ‘ಡ’ ಮೂಡುತ್ತದೆ, ಎಕ್ಸ್ ಒತ್ತಿದರೆ ‘ಷ’. ಕನ್ನಡದ ಅರ್ಜಿಯೊಂದನ್ನು ಬೆರಳಚ್ಚಿಸುತ್ತಿರುವಾಗ ನಡುವೆ ವರ್ಡ್ ಹುಡುಕಲು ಹೋದರೆ ಹುಡುಕುಪಟ್ಟಿಯಲ್ಲಿ ಕಾಣುವುದು ‘ಡೊರದ’. ಎಕ್ಸೆಲ್ ‘ಎಷಚೆಲ’ ಆಗಿರುತ್ತದೆ. ಇದು ಯುನಿಕೋಡ್‌ನ ಮಾತು. ಹಳೆಯ ಆನ್ಸಿ ನುಡಿಯಾದರೆ ಓದಲಾಗದ ಲ್ಯಾಟಿನ್ ಚಿಹ್ನೆಗಳೇ ಸಾಲುಗಟ್ಟುತ್ತವೆ. ವಿಂಡೋಸ್ 10ರ ಮೆನುವಂತೂ ಕಂಪ್ಯೂಟರಿನಲ್ಲಿ ಸಿಗದ್ದನ್ನು ಅಂತರಜಾಲದಲ್ಲಿ ಹುಡುಕಿಕೊಡಲು ಹೊರಡುತ್ತದೆ. ಅಂಕಿಯ ದಾರಿಗೆ ಈ ಗೋಜಿಲ್ಲ. ಭಾಷೆ ಯಾವುದಿದ್ದರೂ ವಿಂಡೋಸ್ ಕೀಲಿಯ ಜೊತೆ ಮೂರು ಒತ್ತಿದರೆ ಮೂರನೆಯ ಐಕಾನೇ ತೆರೆಯುತ್ತದೆ.

ಭಾಷೆ ಬದಲಿಸಿ ಹುಡುಕಿದರಾಯಿತಲ್ಲ ಎನ್ನಬಹುದು. ಬದಲಿಸಬಹುದು, ಆದರೆ ಹೋಗುವಾಗ ಒಂದು ಸಲ, ಮರಳಿ ಬಂದು ಇನ್ನೊಂದು ಸಲ. ಕಣ್ಣು ಎದುರಿನ ಕೈಬರಹದ ಮೇಲಿರುವ ಬೆರಳಚ್ಚುಗಾರರಿಗೆ ಈಗ ಯಾವ ಭಾಷೆ ನಡೆಯುತ್ತಿದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಪ್ರತಿ ಕಿಟಕಿಗೂ ಬೇರೆ ಭಾಷೆ ನೆನಪಿಡುವ ಸೌಲಭ್ಯ ವಿಂಡೋಸ್‌ನಲ್ಲಿ ಉಂಟು, ನಿಜ; ಅದು ವಿಂಡೋಸ್‌ನ ಸ್ವಂತ ಕೀಲಿಮಣೆಗಳಿಗೆ. ಪ್ರತ್ಯೇಕ ತಂತ್ರಾಂಶವಾಗಿ ಓಡುವ ನುಡಿಯನ್ನು ಅದರ ಭರವಸೆಗೆ ಬಿಡಲಾಗದು.

ಮಲೆನಾಡಿನ ಮಳೆಗಾಲ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಮಾಣಿ ಅಣೆಕಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ವಾರಾಹಿಯ ವಿದ್ಯುತ್ತಿಗೆ ನೀರು ಕೊಡುವ ಹೊಸನಗರ ತಾಲೂಕಿನಲ್ಲೇ, ಗಾಳಿಗೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ಯುಪಿಎಸ್ ಸೋತರೆ ಕಂಪ್ಯೂಟರೂ ಆರಿತು. ಮತ್ತೆ ಹೊತ್ತಿಸಿದಾಗ ನುಡಿ, ವರ್ಡ್, ಬ್ರೌಸರ್, ಲೆಕ್ಕದ ತಂತ್ರಾಂಶ ಎಲ್ಲವನ್ನೂ ಮೊದಲಿನಿಂದ ತೆರೆಯಬೇಕು, ಎದುರಿಗೆ ಪಹಣಿ ಹಿಡಿದವರು ನಿಂತಿರುತ್ತಾರೆ. ಒಂದು, ಎರಡು, ಮೂರು, ನಾಲ್ಕು ಎಂದು ಅಂಕಿ ಒತ್ತುತ್ತ ಹೋಗುವ ಕೈಗೆ ಪರದೆ ನೋಡುವ ಕೆಲಸವೂ ಹೆಚ್ಚಿಲ್ಲ.

ಕೊರತೆ ಇಲ್ಲವೆಂದಲ್ಲ. ಒಂದೇ ಕಂಪ್ಯೂಟರಿಗೆ ಇಬ್ಬರು ಕೂರುವಲ್ಲಿ ಒಬ್ಬರು ಐಕಾನ್ ಎಳೆದು ಜಾಗ ಬದಲಿಸಿದರೆ ಇನ್ನೊಬ್ಬರ ಬೆರಳು ದಾರಿ ತಪ್ಪುತ್ತದೆ. ಅಂಥಲ್ಲಿ ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗೆ ಕಂಟ್ರೋಲ್, ಆಲ್ಟ್ ಮತ್ತು ಒಂದು ಅಕ್ಷರವನ್ನು ಗೊತ್ತುಮಾಡುವುದು ಮೇಲು. ಡೆಸ್ಕ್‌ಟಾಪಿನ ಮೇಲೆ ಐಕಾನನ್ನು ಎತ್ತ ಸರಿಸಿದರೂ ಕೀಲಿ ಬದಲಾಗದು. ಅಂಕಿಗಳೂ ಹತ್ತೇ. ವರ್ಷಕ್ಕೊಮ್ಮೆ ಬೇಕಾಗುವ ತಂತ್ರಾಂಶಕ್ಕೆ ಹುಡುಕಾಟವೇ ಇರಲಿ, ಅದಕ್ಕೆ ಭಾಷೆ ಬದಲಿಸುವ ಪುರುಸೊತ್ತು ಇದ್ದೇ ಇರುತ್ತದೆ.