ಕಾಯಿ ಹಣ್ಣಾಗುವ ಆಟ

ಹೊರಗೆ ಜಡಿಮಳೆ, ಒಳಗೆ ಚೌಕಾಬಾರ. ಬೇಕಾದದ್ದು ಒಂದು ಚೂರು ಸೀಮೆಸುಣ್ಣ, ನಾಲ್ಕು ಕವಡೆ, ಅಷ್ಟೆ. ಉದ್ದಕ್ಕೆ 5, ಅಡ್ಡಕ್ಕೆ 5, ಒಟ್ಟು 25 ಮನೆ. ನಾಲ್ಕೂ ಬದಿಯ ನಡುಮನೆಗೆ, ಮಧ್ಯದ ಮನೆಗೆ ಅಡ್ಡಗೀಟು ಹಾಕಿದರೆ ಕಾಯಿಗೆ ಹೊಡೆತ ಬೀಳದ ಕಟ್ಟೆ ಸಿದ್ಧ. ಕವಡೆ ಇಲ್ಲವೆ? ಹುಣಸೆಬೀಜದ ಒಂದು ಮೈಯನ್ನು ಕಲ್ಲಿಗುಜ್ಜಿ ಬಿಳಿ ಮಾಡಿದರಾಯಿತು. ಒಬ್ಬರಿಗೆ ಬಳೆಚೂರು, ಇನ್ನೊಬ್ಬರಿಗೆ ಅಂಗಿಗುಂಡಿ. ತಲೆಗೆ ನಾಲ್ಕು ಕಾಯಿ.

ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ನಡೆ. ನಾಲ್ಕೂ ಬೋರಲಾದರೆ ಮಾತ್ರ 8. ನಾಲ್ಕು, ಎಂಟಕ್ಕೆ ಇನ್ನೊಂದು ಸಲ ಆಡುವ ಭಾಗ್ಯ. ಗರ ಬೀಳುವುದು ಅದೃಷ್ಟ. ಯಾವ ಕಾಯಿ ನಡೆಸಬೇಕೆಂಬುದು ಬುದ್ಧಿ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಹಾಗಾಗಿ ಕಟ್ಟೆಯ ಮೇಲೆ ಬೆಚ್ಚಗೆ ಕೂತೇ ಗೆಲ್ಲುತ್ತೇನೆಂದರೆ ನಡೆಯದು.

ನಮ್ಮಜ್ಜಿ ಕವಡೆಗಳನ್ನು ಅಂಗೈಯೊಳಗೆ ಗಲಗಲ ಕುಲುಕಿ, ಬಿಡುವ ಮುನ್ನ ಮೊಮ್ಮಕ್ಕಳ ಮುಖವನ್ನೊಮ್ಮೆ ನೋಡುತ್ತಿದ್ದರು. ಮಧ್ಯದ ಮನೆಯ ಬಾಗಿಲಿಗೆ ಬಂದ ಕಾಯನ್ನೂ ಕರುಣೆಯಿಲ್ಲದೆ ಹೊಡೆಯುತ್ತಿದ್ದರು. ಅತ್ತವರಿಗೆ ಆಮೇಲೆ ಚಕ್ಕುಲಿ. ಲೆಕ್ಕ, ತಾಳ್ಮೆ, ಸೋಲು ಎಲ್ಲವೂ ಪಾಠವೆನಿಸದೆ ಬಂದದ್ದು ಹೀಗೆ.

ನನಗೆ ಈ ಆಟದ ಭಾಷೆಯೇ ಇಷ್ಟ. 24 ಹೆಜ್ಜೆ ಸುತ್ತಿ ಮಧ್ಯದ ಮನೆ ಸೇರಿದ ಕಾಯಿ ‘ಗೆದ್ದಿತು’ ಎನ್ನುವುದಿಲ್ಲ, ‘ಹಣ್ಣಾಯಿತು’ ಎನ್ನುತ್ತೇವೆ. ಆಡುತ್ತಾಡುತ್ತಾ ಮಾಗುವುದು ಕಾಯಿಯಷ್ಟೇ ಅಲ್ಲವಲ್ಲ!