ಸಾಗೋ ಮಿನಿಯ ಯಜಮಾನರು ಯಾರು?

ಚಿಕ್ಕ ಮಕ್ಕಳ ಆ್ಯಪ್ ಅಂದ ಕೂಡಲೇ ನಾವು ಕೇಳೋ ಪ್ರಶ್ನೆ ಎರಡೇ: ಮಗು ಎಷ್ಟು ಹೊತ್ತು ನೋಡ್ತಿದೆ, ಅದರಿಂದ ಏನು ಕಲೀತು? ಆ ಆ್ಯಪ್ ಯಾರ ಕೈಯಲ್ಲಿದೆ ಅಂತ ಕೇಳೋದು ಕಡಿಮೆ.

ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆ ಇರೋ ನಮಗೆ ಇದರ ಉತ್ತರ ಹತ್ತಿರದಲ್ಲೇ ಇದೆ. ಸಾಗೋ ಮಿನಿ ಟೊರಾಂಟೊದ್ದು. ಅದರ ಒಡೆತನದ ಸ್ಪಿನ್ ಮಾಸ್ಟರ್ ಕೂಡ ಟೊರಾಂಟೊದ್ದೇ. ಅದು 'ಪಾ ಪೆಟ್ರೋಲ್' ಆಟಿಕೆಗಳ ಕಂಪನಿ. 2015ರಲ್ಲಿ ಷೇರುಪೇಟೆಗೆ ಬಂತು. ಮರುವರ್ಷವೇ ಸ್ವೀಡನ್ನಿನ ಬೊನ್ನಿಯರ್ ಎಂಬ ಪ್ರಕಾಶನ ಸಮೂಹದಿಂದ ಸಾಗೋ ಮಿನಿ, ಟೋಕಾ ಬೋಕಾ ಎರಡನ್ನೂ ಕೊಂಡುಕೊಂಡಿತು.

ಬೊನ್ನಿಯರ್ ಕಾಲದ ಟೋಕಾ ಆ್ಯಪ್‌ಗಳು ಪುಸ್ತಕದ ಹಾಗಿದ್ದವು. ಕೆಲವು ಡಾಲರ್ ಕೊಟ್ಟರೆ ನಿಮ್ಮದಾಯ್ತು, ಅಷ್ಟೇ. 2011ರ 'ಟೋಕಾ ಟೀ ಪಾರ್ಟಿ'ಯಲ್ಲಿ ಐಪ್ಯಾಡೇ ಮೇಜು. ಸುತ್ತ ಮಕ್ಕಳು, ಗೊಂಬೆಗಳು ಕೂತು ಚಹಾ ಕುಡಿಯಬೇಕು. ಅಂಕ ಇಲ್ಲ, ಗೆಲುವು ಇಲ್ಲ, ಗಡಿಯಾರ ಇಲ್ಲ. ಅದೇ ಟೋಕಾ 2018ರಲ್ಲಿ ತಂದ 'ಟೋಕಾ ಲೈಫ್ ವರ್ಲ್ಡ್' ಉಚಿತ. ಆದರೆ ಒಳಗೊಂದು ಅಂಗಡಿ ಇದೆ. ಆಟ ಕೆಟ್ಟಿಲ್ಲ, ಗಮನಿಸಿ: ಚಿತ್ರಗಳ ಚೆಂದ, ಮಗುವಿಗೆ ಕೊಡೋ ಸ್ವಾತಂತ್ರ್ಯ ಎಲ್ಲ ಹಾಗೇ ಇದೆ. ಬದಲಾಗಿರೋದು ಬಾಗಿಲು. ಹೊಸ ಮನೆ, ಹೊಸ ಸಾಮಾನು ಬೇಕಾದ್ರೆ ಮಗು ಅಂಗಡಿ ಮುಂದೆ ನಿಂತು ನಿಮ್ಮ ಕಡೆ ನೋಡುತ್ತೆ.

ಸಾಗೋ ಮಿನಿ ಹಿಡಿದಿದ್ದು ಚಂದಾದ ದಾರಿ. ನನಗೆ ಇದೇ ವಾಸಿ ಅನ್ನಿಸುತ್ತೆ, ಬೆಲೆಯ ಮಾತು ದೊಡ್ಡವರ ಹತ್ತಿರವೇ ನಿಲ್ಲುತ್ತಲ್ಲ. ಆದರೆ ಚಂದಾ ನಿಲ್ಲಿಸಿದ ದಿನ ಆಟವೂ ಹೋಯಿತು. ತಪ್ಪನ್ನೆಲ್ಲ ಷೇರುದಾರರ ತಲೆಗೆ ಕಟ್ಟೋದೂ ಸರಿಯಲ್ಲ: ಫೋನಿನ ಸಾಫ್ಟ್‌ವೇರ್ ವರ್ಷ ವರ್ಷ ಬದಲಾಗುವಾಗ, ಒಮ್ಮೆ ಪಡೆದ ಮೂರು ಡಾಲರಲ್ಲಿ ಹತ್ತು ವರ್ಷ ಆ್ಯಪ್ ಸಾಕೋಕೆ ಬೊನ್ನಿಯರ್‌ಗೂ ಕಷ್ಟವೇ ಆಗ್ತಿತ್ತು.

ನಮ್ಮ ಬೆಂಗಳೂರಿನ ಕಥೆ ಇದಕ್ಕಿಂತ ಒರಟು. ಬೈಜೂಸ್ 2021ರಲ್ಲಿ 'ಎಪಿಕ್' ಅನ್ನೋ ಅಮೆರಿಕದ ಮಕ್ಕಳ ಓದಿನ ಆ್ಯಪನ್ನ 50 ಕೋಟಿ ಡಾಲರಿಗೆ ಕೊಂಡಿತು. ಸಾಲ ಹೆಚ್ಚಾಗಿ ಬೈಜೂಸ್ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. 2025ರಲ್ಲಿ ಎಪಿಕ್ ಸುಮಾರು 9.5 ಕೋಟಿಗೆ ಚೀನಾದ ಟಾಲ್ ಎಜುಕೇಶನ್ ಪಾಲಾಯಿತು. ಓದೋ ಮಕ್ಕಳಿಗೆ ಈ ಲೆಕ್ಕದಲ್ಲಿ ಯಾವ ಮಾತೂ ಇರಲಿಲ್ಲ.

ಈಗ ಕನ್ನಡಕ್ಕೆ ಬರೋಣ. ಷೇರುಪೇಟೆಯಲ್ಲಿರೋ ಕಂಪನಿಗೆ ಟೊರಾಂಟೊದ ಕನ್ನಡ ಮಕ್ಕಳು ಲೆಕ್ಕಕ್ಕೆ ಸಿಗೋಷ್ಟು ಗಿರಾಕಿಗಳಲ್ಲ. ಸ್ಪಿನ್ ಮಾಸ್ಟರ್ 2021ರಲ್ಲಿ ಕೊಂಡ ಒರಿಜಿನೇಟರ್ ಕಂಪನಿಯ 'ಎಂಡ್‌ಲೆಸ್ ಆಲ್ಫಾಬೆಟ್' ಇಂಗ್ಲಿಷ್ ಪದಗಳನ್ನ ಎಷ್ಟು ತಮಾಷೆಯಾಗಿ ಕಲಿಸುತ್ತೆ ಅಂದ್ರೆ, 'ಅ ಆ ಇ ಈ'ಗೆ ಅಂಥದ್ದು ಯಾಕಿಲ್ಲ ಅಂತ ಹೊಟ್ಟೆ ಉರಿಯುತ್ತೆ.

ಕನ್ನಡಕ್ಕೆ ಜಾಗ ಸಿಕ್ಕಿರೋದು ಬೇರೆ ಥರದ ಒಡೆತನದಲ್ಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಲಾಭಕ್ಕೆ ನಡೆಯೋ ಸಂಸ್ಥೆಯಲ್ಲ. ಅವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು, ಅಜ್ಜಿ ಬೇಕಾದ್ರೆ ಕಥೆಯನ್ನ ಧಾರವಾಡದ ಮಾತಿಗೆ ತಿರುಗಿಸಬಹುದು. ನಾಳೆ ಸಂಸ್ಥೆ ಯಾರ ಕೈಗೆ ಹೋದರೂ ನೀವು ಇಳಿಸಿಕೊಂಡಿದ್ದನ್ನ ವಾಪಸ್ ಕೇಳೋ ಹಾಗಿಲ್ಲ. ಸಾಗೋ ಮಿನಿಯ ನಯ ಅದಕ್ಕಿಲ್ಲ, ನಿಜ. ಮೂರು ವರ್ಷದ ಮಗು ಒಂದೇ ಕೂತು ಆಡೋ ವಸ್ತುವಲ್ಲ ಅದು. ಪಕ್ಕದಲ್ಲಿ ಓದಿ ಹೇಳೋಕೆ ಯಾರಾದ್ರೂ ಬೇಕು.